ತಿರುಗಿ ಬಂದ ಗೆರೆ

ಪೀಂ—ಮತ್ತೆ ಬಂತು, ಹೆಡ್‌ಫೋನಿನೊಳಗೆ ತೆಳ್ಳಗೆ, ಬಾವಿಯ ತಳದಿಂದ ಬಂದ ಹಾಗೆ, ಕುಸುಮ ಚುಕ್ಕಿ-ಗೆರೆಯ ಸಂಕೇತ ಕುಟ್ಟುವ ಮೋರ್ಸ್ ಕೀ ಬಿಟ್ಟು ಒಂದು ದೋಸೆ ಹುಯ್ದು ಹರಡುವಷ್ಟು ಹೊತ್ತಾಗಿದೆ, ಕೈ ಮಡಿಲಲ್ಲಿದೆ, ಆದರೂ ಅವಳದೇ ಚುಕ್ಕಿ, ಅವಳದೇ ಗೆರೆ, ಕೊನೆಯ ಗೆರೆಯನ್ನು ತುಸು ಎಳೆದುಬಿಡುವ ಅವಳದೇ ಚಾಳಿ—ಹ್ಯಾಮ್ ರೇಡಿಯೋದ ಹವ್ಯಾಸಿಗಳು ಒಬ್ಬರನ್ನೊಬ್ಬರು ಮುಖದಿಂದಲ್ಲ, ಕೀ ಒತ್ತುವ ಕೈಯಿಂದ ಗುರುತು ಹಿಡಿಯುವವರು, ತನ್ನ ಕೈ ತನಗೆ ತಿಳಿಯದೇ? ಬಿಬವೇವಾಡಿಯ ಟೆರೇಸಿನ ಮೇಲೆ ಬಿಸಿಲು ಇಳಿಯುತ್ತಿದೆ, ಆಂಟೆನಾ ತಂತಿಯ ಕೆಳಗೆ ಪಕ್ಕದ ಮನೆಯ ಮರಾಠಿ ನೀತಾ ಒಣಗಿದ ಬಟ್ಟೆ ತೆಗೆಯುತ್ತಿದ್ದಾಳೆ, ಕುಸುಮತಾಯಿ, ಚಹಾ ಝಾಲಾ ಕಾ, ಅಕ್ಕಾ ಚಹಾ ಆಯಿತಾ ಅಂತ, ಝಾಲಾ ಝಾಲಾ ಎಂದಳು ಕುಸುಮ, ನಗು ಹೇಗೋ ಬಂತು, ಹುಚ್ಚರೂ ನಗುತ್ತಾರಲ್ಲ. ಆಕಾಶದಲ್ಲೊಂದು ಪದರ ಇದೆ, ಅಯಾನುಗೋಳ, ಅಲೆಗಳು ಅದಕ್ಕೆ ಬಡಿದು ಕೆಳಗಿಳಿಯುತ್ತವೆ, ಸರಿ, ಆದರೆ ಭೂಮಿಯನ್ನೇ ಸುತ್ತಿದರೂ ಕಣ್ಣು ಮಿಟುಕಿಸುವುದರೊಳಗೆ ಬಂದುಬಿಡಬೇಕು, ಇಷ್ಟು ಹೊತ್ತು ಯಾರ ಮನೆ ಜಗಲಿಯಲ್ಲಿ ಕೂತಿತ್ತು ಅದು? ಹೀಗೂ ಆಗುವುದುಂಟು ಎನ್ನುತ್ತಾರೆ ಹಳೆಯ ಹವ್ಯಾಸಿಗಳು, ಕಾರಣ ಮಾತ್ರ ಖಚಿತವಾಗಿ ಯಾರೂ ಹೇಳರು. ಗಂಡ ತನಿಯಪ್ಪನಿಗೆ ಹೇಳಿದ್ದೇ ತಪ್ಪಾಯಿತು, ಅವನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ಮೆತ್ತಗೆ, ನಾಳೆ ಒಮ್ಮೆ ಡಾಕ್ಟ್ರಿಗೆ ತೋರಿಸಿ ಬರುವ, ಆಯ್ತಾ, ನಿನ್ನ ಅಮ್ಮನಿಗೂ ಹೀಗೇ ಶುರುವಾದದ್ದಲ್ವಾ—ಅಮ್ಮ, ರುಕ್ಮಿಣಮ್ಮ, ನಮ್ಮ ಹೋಟೆಲಿನ ಕಾವಲಿಯ ಮುಂದೆ, ಹಿಟ್ಟಿನ ಸೌಟು ಗಾಳಿಯಲ್ಲೇ ನಿಲ್ಲಿಸಿ, ಕತ್ತು ಓರೆ ಮಾಡಿ, ಯಾರೋ ಕರೆದ್ರು ಮಾರಾಯ್ತಿ, ಸೌಟಿನಿಂದ ಹಿಟ್ಟು ತೊಟ್ಟಿಕ್ಕಿ ಕಾವಲಿ ಚುಂಯ್ ಚುಂಯ್, ಯಾರೂ ಕರೆದಿರಲಿಲ್ಲ, ಆಮೇಲೆ ಗುಳಿಗೆ, ಆಮೇಲೆ ಮೂಲೆಯ ಕುರ್ಚಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ, ಮದುವೆಯ ಚಪ್ಪರದಲ್ಲಿ ಎಲ್ಲರೂ ಮೆಚ್ಚಿ ಆಡಿದ ಮಾತು, ಈಗ ಅದೇ ಶಾಪದ ಹಾಗೆ ಕೇಳುತ್ತದೆ.

ಫೋನು ನಡುಗಿತು—ಊರಿನ ಆಚೆ ತುದಿಯ ವಾಕಡದ ಭೀಮಣ್ಣ, ಕಾರ್ಖಾನೆಯಿಂದ ನಿವೃತ್ತರಾದ ಎಲೆಕ್ಟ್ರಿಶಿಯನ್, ರಾಯಚೂರು ಕಡೆಯವರು, ಅವರಿಗೂ ಇದೇ ರೇಡಿಯೋ ಗೀಳು. ಬೆಳಿಗ್ಗೆ ಅವರಿಗೆ ಹೇಳಿದ್ದು ಇಷ್ಟೇ, ಸಂಜೆ ನಾನು ಕಳಿಸುವುದನ್ನು ಕೇಳಿ ಧ್ವನಿ ಶುದ್ಧ ಇದೆಯಾ ತಿಳಿಸಿ, ಮರುದನಿಯ ಸುದ್ದಿ ಎತ್ತಿರಲಿಲ್ಲ, ಎತ್ತಿದ್ದರೆ, ಒಳ್ಳೆಯ ಮನುಷ್ಯ, ಇವಳ ಸಮಾಧಾನಕ್ಕೆ ಇಲ್ಲದ್ದನ್ನೂ ಇದೆ ಅಂದುಬಿಡುತ್ತಿದ್ದರು. ಬೆರಳಿಗೆ ಹಸಿರು ಗುಂಡಿ ಸಿಗುತ್ತಿಲ್ಲ, ಹಲೋ, ಕುಸುಮಕ್ಕ, ಟೋನ್ ಭಾಳ ಚಲೋ ಅದರಿ, ಚಲೋ ಇದೆಯಂತೆ, ಅಷ್ಟೇಯಾ, ದೇವರೇ ಅಷ್ಟೇಯಾ, ಇನ್ನು ರೇಡಿಯೋ ಅಟ್ಟಕ್ಕೆ, ತಾನು ಮೂಲೆಯ ಕುರ್ಚಿಗೆ—ಆದರ ಒಂದ್ ಮಾತ್ರಿ, ನೀವು ಒಂದ ಸಲ ಕಳಿಸಿದ್ರೋ, ಎರಡ ಸಲ? ಒಂದೇ ಸಲ. ಮತ್ತ ಹಿಂದಿಂದ ಇನ್ನೊಮ್ಮೆ ಬಂತಲ್ರಿ, ಸಣ್ಣಗ, ಕಡೀ ಗೆರಿ ಎಳದಂಗ, ನಿಮ್ಮ ಕೈನ ಅದು, ಬಾಜೂಕ ಕುಂತಿದ್ದ ನಮ್ಮ ಮನಿಯಾಕಿ ಹುಲಿಗೆವ್ವಗೂ ಕೇಳಿಸ್ತು, ಇದೇನ್ ದೆವ್ವ ಹೊಕ್ಕದ ನಿಮ್ಮ ಡಬ್ಬಿಯೊಳಗ ಅಂತ ನನಗ ಬೈಲಿಕ್ಕತ್ಯಾಳ್ರಿ!

ಹೋದ ಜೀವ ಬಂದಂತಾಯಿತು, ಟೆರೇಸಿನ ಬಿಸಿ ನೆಲದ ಮೇಲೆ ಹಾಗೇ ಕುಸಿದು ಕೂತಳು, ಕಣ್ಣಲ್ಲಿ ನೀರು, ಬಾಯಲ್ಲಿ ನಗು, ನೀತಾ ಬಟ್ಟೆ ಬಿಟ್ಟು ಓಡಿ ಬಂದಳು, ಕಾಯ್ ಝಾಲಂ, ಏನಾಯಿತು, ಕಾಹೀ ನಾಹೀ ಗ, ಏನೂ ಆಗಿಲ್ಲ, ನನಗೆ ಏನೂ ಆಗಿಲ್ಲ, ನಾಳೆ ಡಾಕ್ಟರ್ ಇಲ್ಲ, ತನಿಯಪ್ಪನನ್ನೇ ಇಲ್ಲಿ ಕೂರಿಸಿ ಅವನ ಕಿವಿಗೆ ಹೆಡ್‌ಫೋನ್ ಏರಿಸುವುದು, ಬೆಪ್ಪನ ಹಾಗೆ ಬಾಯಿ ಬಿಡುತ್ತಾನೆ, ಬಿಡಲಿ—ಕೆಳಗಿನ ಹೋಟೆಲಿನಿಂದ ಕಾದ ಕಾವಲಿಯ ವಾಸನೆ, ಹಸಿವು, ಎಷ್ಟು ದಿನದ ಮೇಲೆ ಹಸಿವು, ದೋಸೆ ತಿನ್ನಬೇಕು, ಗರಿಗರಿಯಾಗಿ, ತುಪ್ಪ ಸುರಿದು, ನನಗೂ ಕೇಳಿಸಿತು ಅಂತ ಒಬ್ಬರು ಅಂದರು, ಅಷ್ಟೇ, ಅಷ್ಟಕ್ಕೇ ಲೋಕ ನೆಟ್ಟಗಾಯಿತು, ಅಮ್ಮ ಕತ್ತು ಓರೆ ಮಾಡಿದಾಗ ಎಲ್ಲರೂ ಅವಳ ಮುಖವನ್ನೇ ನೋಡಿದರು, ಗ್ರೈಂಡರ್ ನಿಲ್ಲಿಸಿ ಒಂದು ಗಳಿಗೆ ಅವಳ ಜೊತೆ ಕಿವಿಗೊಟ್ಟವರಿಲ್ಲ, ಒಬ್ಬರೂ ಇಲ್ಲ—ಸೌಟು ಗಾಳಿಯಲ್ಲಿ, ಅಂಚಿನಲ್ಲಿ ಹಿಟ್ಟು, ಒಂದು ತೊಟ್ಟು, ಇನ್ನೊಂದು ತೊಟ್ಟು, ಆಮೇಲೆ ಕೆಳಗೆ ಬೀಳದೆ ಎಳೆದುಕೊಳ್ಳುತ್ತಲೇ ಇರುವ ಉದ್ದನೆಯ ಬಿಳಿ ಗೆರೆ—