ಚೀನಾ ಕತ್ತಿ, ಜಪಾನ್ ಒರೆ

ಹೌದು, ನೀವು ಕೇಳಿದ್ದು ನಿಜ. ಅರಬರ ನಾಡಿನ ದೇರಾದ ಗೇಮ್ ಅಂಗಡಿಯಲ್ಲಿ ಮೂವರನ್ನು ಒಬ್ಬನೇ ಮಲಗಿಸಿದ ಗದಗಿನ ಸಿದ್ದೇಶ ನಾನೇ. ಎಡಹುಬ್ಬಿನ ಮೇಲಿನ ಈ ಗೆರೆ ನೋಡಿ. ಬೇರೆಯವರಿಗೆ ಇದು ಹೊಲಿಗೆ, ನನಗೆ ಪದಕ. ನೀವು ನೋಡಿದ ಹೀರೋಗಳು ಹೊಡೆಯುವ ಮುಂಚೆ ಹಿನ್ನೆಲೆ ಸಂಗೀತಕ್ಕೆ ಕಾಯುತ್ತಾರೆ. ನಾನು ಹೊಡೆದರೆ ಬೀಳುವವನ ಬಾಯಿಂದಲೇ ಸಂಗೀತ ಬರುತ್ತದೆ. ಎದೆ ಗಟ್ಟಿಯಿಲ್ಲದವರು ಇಲ್ಲಿಗೇ ಎದ್ದು ಹೋಗಬಹುದು.

ಎರಡು ಸಾವಿರದ ಮೂರನೇ ಇಸವಿ. ಅಂಗಡಿ ಭಟ್ಕಳದ ತಮೀಮ್ ಭಾಯ್ ಅವರದು, ನಾನು ಅಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಬಾಗಿಲಿಗೆ ಎದುರಾಗಿದ್ದ ಗಾಜಿನ ರ‍್ಯಾಕೇ ಸಿಂಹಾಸನ, ಅದರ ತುಂಬ ಜಪಾನಿನ ಗೇಮ್‌ಗಳು. ಅವನ್ನು ತರುತ್ತಿದ್ದವನು ಮಂಗಳೂರು ಕಡೆಯ ಅದ್ದು. ಶಾರ್ಜಾದ ಯಾರ್ಡಿಗೆ ಬರುವ ಜಪಾನಿನ ಹಳೇ ಕಾರುಗಳ ಡಿಕ್ಕಿಯೊಳಗೆ ಅವನ ಪೆಟ್ಟಿಗೆಗಳೂ ಬರುತ್ತಿದ್ದವು. ಪರದೆಯ ಮೇಲೆಲ್ಲ ಜಪಾನಿ ಅಕ್ಷರ, ಓದಲು ನಮ್ಮಲ್ಲಿ ಯಾರಿಗೂ ಬಾರದು. ಕೆಂಪು ಮಿನುಗಿದರೆ ಸತ್ತೆವು, ಹಳದಿ ಮಿನುಗಿದರೆ ಕೊಂದೆವು. ನಮ್ಮ ಪಾಂಡಿತ್ಯ ಅಷ್ಟೇ.

ಆ ರ‍್ಯಾಕಿಗೆ ಕಣ್ಣಿಟ್ಟು ಬಂದವನು ಲಿಯಾಂಗ್, ಚೀನಾದ ಹುಡುಗ. ಊರಿನ ಗೆಳೆಯರೊಂದಿಗೆ ಸೇರಿ ತಾನೇ ಒಂದು ಕತ್ತಿ ಕಾಳಗದ ಗೇಮ್ ಮಾಡಿದ್ದ. ಅದು ಇದ್ದ ಕಂಪ್ಯೂಟರನ್ನು ಮಗುವಿನ ಹಾಗೆ ಹೊತ್ತು ತಂದಿದ್ದ. ತಮೀಮ್ ಭಾಯ್ ಆರ್ಡರ್ ಕೊಟ್ಟರೆ ಗೆಳೆಯರ ಕೆಲಸ ಮುಂದುವರಿಯುತ್ತದೆ; ಇಲ್ಲದಿದ್ದರೆ ಬಾಗಿಲಿಗೆ ಬೀಗ, ಎಲ್ಲರೂ ಫ್ಯಾಕ್ಟರಿಗೆ. ಅವನ ವಿಸಿಟ್ ವೀಸಾ ಬೇರೆ ಮುಗಿಯುತ್ತ ಬಂದಿತ್ತು.

ತಮೀಮ್ ಭಾಯ್ ಪರೀಕ್ಷೆ ಎಲ್ಲರಿಗೂ ಒಂದೇ. ಶುಕ್ರವಾರ ಜುಮಾ ನಮಾಜು ಮುಗಿದಾಗಿನಿಂದ ಇಳಿಹೊತ್ತಿನ ಅಸರ್ ಬಾಂಗ್ ಕೇಳುವ ತನಕ ಹೊಸ ಗೇಮ್ ಅಂಗಡಿಯ ಟಿವಿಯಲ್ಲಿ ಓಡಬೇಕು. ಅಷ್ಟು ಹೊತ್ತೂ ಒಬ್ಬನಾದರೂ ಕುರ್ಚಿ ಬಿಟ್ಟು ಏಳದೆ ಆಡುತ್ತಿರಬೇಕು. ಗೆದ್ದರೆ ಆ ಗಾಜಿನ ರ‍್ಯಾಕಿನಲ್ಲಿ ಜಾಗ.

ಮೊದಲ ಶುಕ್ರವಾರ ಲಿಯಾಂಗ್ ಸೋತ. ಚೀನಾ ಅಂದ ಕೂಡಲೇ ಹುಡುಗರು ಎದ್ದರು.

"ಮುಟ್ಬೇಡಿ ಮಾರಾಯ್ರೆ, ಜಾಸ್ತಿ ಒತ್ತಿದ್ರೆ ಬೆಂಕಿ ಹಿಡೀತದೆ!" ಎಂದು ಅದ್ದು ನಕ್ಕ.

"ಹತ್ತು ವರ್ಷ ಬಿಟ್ಟು ನೋಡು. ನಮ್ಮ ಗೇಮಿಗೆ ಜಪಾನಿನವರೇ ಸಾಲು ನಿಲ್ಲುತ್ತಾರೆ," ಎಂದು ಲಿಯಾಂಗ್ ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಅದ್ದು ಅವನ ಕಾಲರ್ ಹಿಡಿದು ರ‍್ಯಾಕಿಗೆ ಒತ್ತಿದ. ಗಾಜು ಕಿರುಗುಟ್ಟಿತು.

ತಮೀಮ್ ಭಾಯ್ ಬಿಡಿಸಿದರು. "ಅರೇ ಅದ್ದು, ನಮ್ಮ ಅಬ್ಬಾ ಇದೇ ದೇರಾದಲ್ಲಿ ರೇಡಿಯೊ ಮಾರ್ತಿದ್ರು. ಆಗ ಇಂಗ್ಲೆಂಡಿಂದು ಒರಿಜಿನಲ್, ಜಪಾನಿಂದು ಡುಪ್ಲಿಕೇಟ್. ಗಿರಾಕಿಗಳು ಜಪಾನ್ ರೇಡಿಯೊ ಮುಟ್ಟಿ ಕೈ ಒರೆಸ್ಕೊಳ್ತಿದ್ರಂತೆ. ನಾಳೆ ಯಾರ ಕಾಲವೋ! ಇವನಿಗೆ ಇನ್ನೊಂದು ಶುಕ್ರವಾರ ಕೊಡುವ."

ಆಗ ನನ್ನ ತಲೆಯಲ್ಲಿ ಕಿಡಿ ಹಾರಿತು. ಲಿಯಾಂಗನನ್ನು ಪಕ್ಕಕ್ಕೆ ಎಳೆದು ಪ್ಲಾನ್ ಹೇಳಿದೆ. ಟಿವಿ ಪಕ್ಕದ ಜಪಾನ್ ಗೇಮ್ ಮೆಷಿನ್ನಿನ ದೀಪ ಮಾತ್ರ ಉರಿಯಲಿ. ಅವನ ಕಂಪ್ಯೂಟರ್ ಇಳಿಬಿಟ್ಟ ಬಟ್ಟೆಯ ಹಿಂದೆ ಇರಲಿ, ವೈರು ಮಾತ್ರ ಟಿವಿಗೂ ಆಡುವವನ ಕೈಯ ಜಾಯ್‌ಸ್ಟಿಕ್ಕಿಗೂ ಬರಲಿ. ಅಕ್ಷರ ಚೀನಾದ್ದೋ ಜಪಾನಿನದ್ದೋ ಎಂದು ಈ ದೇರಾದಲ್ಲಿ ಗುರುತಿಸುವ ಗಂಡು ಯಾರಿದ್ದಾನೆ?

ಲಿಯಾಂಗ್ ಮುಖ ಸಣ್ಣದು ಮಾಡಿದ. "ನನ್ನ ಕತ್ತಿಗೆ ಅವರ ಒರೆಯಾ?"

ಮುಂದಿನ ಶುಕ್ರವಾರ ಶಟರ್ ಅರ್ಧ ಇಳಿದಿತ್ತು. ತಮೀಮ್ ಭಾಯ್ ಜುಮಾ ಮುಗಿಸಿ ಊಟಕ್ಕೆ ಮನೆಗೆ ಹೋಗಿದ್ದರು. ಲಿಯಾಂಗ್ ಬಟ್ಟೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದ. ಕೆಫೆಟೇರಿಯಾದಲ್ಲಿ ಶವರ್ಮಾ ಕೊಯ್ಯುವ ಅಲಿಕುಂಞಿ ಕುರ್ಚಿ ಹಿಡಿದ. ಅದ್ದು ಯಾರ್ಡಿನ ಇಬ್ಬರು ದಾಂಡಿಗರೊಂದಿಗೆ ಅವನ ಹಿಂದೆ ನಿಂತ. ಚೀನಾದವನು ಬರಲಿಲ್ಲ, ಇವತ್ತು ಹೊಸ ಜಪಾನ್ ಗೇಮ್ ಎಂದು ನಾನೇ ಸುದ್ದಿ ಬಿಟ್ಟಿದ್ದೆ. ತಾನು ತರಿಸದ ಜಪಾನ್ ಗೇಮ್ ಯಾವುದೆಂದು ನೋಡುವ ಚಪಲ ಅವನಿಗೆ.

ಟಿವಿಯಲ್ಲಿ ಹಿಮ ಬೀಳುತ್ತಿತ್ತು. ಎರಡು ಕತ್ತಿಯ ಯೋಧ ಎದುರಾಳಿಯ ತೋಳು ಹಾರಿಸಿದ. ಬೆರಳುಗಳು ಹಿಮದಲ್ಲಿ ಇನ್ನೂ ಮಿಡುಕುತ್ತಿದ್ದವು.

"ಅಬ್ಬಬ್ಬ!" ಅದ್ದು ಚೀರಿದ. "ರಕ್ತ ನೋಡು ಮಾರಾಯ, ಹಿಮಕ್ಕೆ ಬಿದ್ದ ಕೂಡ್ಲೆ ಹೊಗೆ ಏಳ್ತದೆ! ಇದು ಜಪಾನ್. ಚೀನಾದವನ ಅಜ್ಜ ಬಂದ್ರೂ ಆಗ್ಲಿಕ್ಕಿಲ್ಲ."

ಅಸರ್ ಬಾಂಗ್ ತನಕ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಇಂಥ ಸೀನಿಗೆ ಡೈಲಾಗ್ ಹೊಡೆಯದೆ ಬಿಟ್ಟರೆ ನಾನು ನಾನೇ ಅಲ್ಲ. ಬಟ್ಟೆ ಸರ‍್ರನೆ ಎಳೆದೆ.

"ಅದ್ದಣ್ಣಾ! ಒರಿ ನೋಡಿ ಸಲಾಂ ಹೊಡದಿ, ಕತ್ತಿ ಯಾರದು ಅಂತ ಕೇಳಲೇ ಇಲ್ಲಲ್ಲೋ!"

ಹಿಂದೆ ಲಿಯಾಂಗ್, ಮಡಿಲಲ್ಲಿ ಕಂಪ್ಯೂಟರ್.

ಅದ್ದುವಿನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ನನ್ನನ್ನು ಮಂಗ ಮಾಡಿದ್ರಾ? ಒಡೀರಾ ಆ ಡಬ್ಬ!" ಬಟ್ಟೆಯ ಹಿಂದಿದ್ದ ಕೀಬೋರ್ಡ್ ಕಿತ್ತು ಲಿಯಾಂಗನ ಕಿವಿಗೆ ಬೀಸಿದ. ಗುಂಡಿಗಳು ಹಲ್ಲುದುರಿದಂತೆ ನೆಲಕ್ಕೆ ಚೆಲ್ಲಿದವು. ಲಿಯಾಂಗ್ ಕಂಪ್ಯೂಟರಿನ ಮೇಲೆ ಬೋರಲು ಬಿದ್ದ. ದಾಂಡಿಗರು ಬೆನ್ನಿಗೆ ಒದ್ದರು. ಪಕ್ಕೆಲುಬಿನ ಸದ್ದು ಕೇಳಿದರೂ ಅವನು ಕದಲಲಿಲ್ಲ.

ಆಗ ನಾನು ಎದ್ದೆ. "ಲೇ, ಹುಲಿ ಮಲಗೇತಿ ಅಂತ ಮೀಸಿ ಎಳಿಬ್ಯಾಡ್ರಿ!" ಮೊದಲ ಗುದ್ದಿಗೆ ಅದ್ದುವಿನ ಮೂಗು ಒಡೆಯಿತು. ಎರಡನೆಯವನ ಕೈ ತಿರುವಿದೆ, ಮೂರನೆಯವನನ್ನು ಎತ್ತಿ ಗಾಜಿನ ರ‍್ಯಾಕಿಗೆ ಎಸೆದೆ. ಗಾಜು ಮಳೆಯಾಯಿತು. ಗೋಡೆಯ ಮೇಲೆ ರಕ್ತ, ಅಲಿಕುಂಞಿಯ ಅಂಗಿಯ ಮೇಲೆ ರಕ್ತ, ನನ್ನ ಹುಬ್ಬಿನಿಂದಲೂ ರಕ್ತ.

ಅಸರ್ ಬಾಂಗ್ ಕೇಳಿತು. ಶಟರ್ ಎತ್ತಿ ತಮೀಮ್ ಭಾಯ್ ಒಳಗೆ ಬಂದರು. ನೆಲದ ಗಾಜು ನೋಡಿದರು, ರಕ್ತ ನೋಡಿದರು, ಲಿಯಾಂಗನ ಕಂಪ್ಯೂಟರಿನಿಂದ ಟಿವಿಗೆ ಹೋದ ವೈರು ನೋಡಿದರು. ಟಿವಿ ಕಡೆ ತಿರುಗಿದರು. ಕತ್ತಿಗಳು ಇನ್ನೂ ಖಣಗುಟ್ಟುತ್ತಿದ್ದವು.

"ಅಲಿಕುಂಞಿ, ನೀನು ಎದ್ದಿದ್ಯಾ?"

"ಒಂದ್ನಿಮಿಷ ತಮೀಮ್ ಭಾಯ್," ಅಲಿಕುಂಞಿ ಕಣ್ಣು ಕೀಳದೆ ಹೇಳಿದ, "ಇವನ ತಲೆ ಒಂದು ತೆಗೆದು ಬರ್ತೇನೆ."

"ಯಾರ ಗೇಮ್ ಅಂತ ಗೊತ್ತುಂಟಾ?"

"ಯಾರದ್ದಾದ್ರೆ ನನಗೆಂತ? ಅಡ್ಡ ನಿಲ್ಬೇಡಿ, ಕಾಣುದಿಲ್ಲ."

ತಮೀಮ್ ಭಾಯ್ ಅದ್ದುವಿನ ಕಡೆ ತಿರುಗಿದರು. "ಸುಳ್ಳು ಮೆಷಿನ್ನಿಗೆ ಇವರಿಬ್ರಿಗೂ ಬೈತೇನೆ, ಅದು ಬೇರೆ. ಆದ್ರೆ ಇವನು ಏಳ್ಲಿಲ್ಲ. ನಿನ್ನ ಪೆಟ್ಟಿಗೆ ಹಿಂದಿನ ಸಾಲಿಗೆ ಹಾಕು. ರ‍್ಯಾಕಿನ ಗಾಜೂ ನೀನೇ ಹಾಕಿಸ್ಬೇಕು. ಇಲ್ಲಾಂದ್ರೆ ಶುರ್ತಾ ಪೊಲೀಸರನ್ನು ಕರೀತೇನೆ, ನಿನ್ನ ವೀಸಾ ಖಲಾಸ್."

ಲಿಯಾಂಗ್ ಮೆಲ್ಲಗೆ ಎದ್ದು ಕಂಪ್ಯೂಟರ್ ತಡವಿದ. ಮುರಿದ ಪಕ್ಕೆ ಹಿಡಿದುಕೊಂಡೇ ನನ್ನ ಹತ್ತಿರ ಬಂದು, ಆ ಬಟ್ಟೆಯಿಂದ ನನ್ನ ಹಣೆ ಒರೆಸಿದ. ಅವನ ಕಣ್ಣಲ್ಲಿ ನೀರಿತ್ತು. "ನನಗಾಗಿ ಹೊಡೆದಾಡಿದೆಯಾ?" ಎಂದ. ನಾನು ಹೌದೆಂದು ತಲೆಯಾಡಿಸಿದೆ.

ಮರುವರ್ಷ ಅವನ ಗೇಮಿನ ಎರಡನೇ ಭಾಗ ಬಂತು. ಈ ಸಲ ಮೇಲೆ ಚೀನಾ ಅಂತ ದೊಡ್ಡದಾಗಿ ಬರೆದಿತ್ತು, ಆದರೂ ಹುಡುಗರು ಎತ್ತಿಕೊಂಡರು. ಅದರಲ್ಲೊಬ್ಬ ಹೊಸ ಯೋಧ ಇದ್ದಾನೆ. ಎಡಹುಬ್ಬಿನ ಮೇಲೆ ಗೆರೆ. ಗೆಳೆಯನಿಗೆ ಪೆಟ್ಟು ಬಿದ್ದರೆ ಯಾರೂ ಹೇಳದಿದ್ದರೂ ಮುನ್ನುಗ್ಗುತ್ತಾನೆ. ಅವನನ್ನು ನಾನು ಇವತ್ತಿನ ತನಕ ಒಮ್ಮೆಯೂ ಆಡಿಸಿಲ್ಲ. ಅದಕ್ಕೇ ನಿಜವಾಗಿ ನಡೆದದ್ದನ್ನು ನಿಮಗೊಬ್ಬರಿಗೇ ಹೇಳುತ್ತೇನೆ.

ಅದ್ದು ಕೀಬೋರ್ಡ್ ಎತ್ತಿದಾಗ ಮೊದಲು ಬಂದದ್ದು ನನ್ನ ಕಡೆಗೆ. ನಾನು ಲಿಯಾಂಗನ ಕಡೆ ಬೊಟ್ಟು ಮಾಡಿದೆ: "ನಾನಲ್ಲ ಅಣ್ಣಾ, ಎಲ್ಲಾ ಅವಂದೇ!" ಎಂದು ಹೇಳಿ ಬಾಗಿಲಿಗೆ ಓಡಿದೆ. ಶಟರ್ ಅರ್ಧ ಇಳಿದಿದೆ ಎನ್ನುವುದು ಮರೆತಿತ್ತು. ಅದರ ಕಬ್ಬಿಣದ ಅಂಚು ಹುಬ್ಬು ಸೀಳಿತು. ಅಲ್ಲೇ ಬಿದ್ದೆ. ಗಾಜು ಒಡೆದದ್ದು ಅದ್ದುವಿನ ಮೊಣಕೈಯಿಂದ, ಗೋಡೆಯ ರಕ್ತ ಲಿಯಾಂಗನದು. ಅವನಿಗೆ ಬಿದ್ದ ಒಂದೊಂದು ಒದೆತವನ್ನೂ ನಾನು ನೆಲದಲ್ಲಿ ಮಲಗಿಯೇ ನೋಡಿದೆ. ಆ ಹೊತ್ತಿಗೆ ಒಂದೇ ಒಂದು ಡೈಲಾಗೂ ಬಾಯಿಗೆ ಬರಲಿಲ್ಲ.