ಹೊಳೆಸಾಲಿನವರಿಗೆ ಉಣ್ಣೆ ಟೊಪ್ಪಿಗೆ

“ಮೆಲ್ಲಕ ಇಳಸ್ರಲೇ ಬೋಳಿಮಕ್ಳಾ! ನಿಮ್ಮಪ್ಪ ಬೆಳದ ನೆಲ್ಲಲ್ಲ ಅದು, ಫಾರಿನ್ ಮಾಲು!”

ಲಾರಿಯ ಮೇಲೆ ನಿಂತು ಬೈದವನು ಸಮ್ರಾಟ್. ಬಳ್ಳಾರಿಯ ಗಾಂಧಿನಗರದಲ್ಲಿ ಎರಡಂತಸ್ತಿನ ಕಚೇರಿ ಇರುವ ಒಂದು ಸೇವಾ ಸಂಸ್ಥೆಯ ಕಾರ್ಯದರ್ಶಿ. ಬಡವರೇ ಅವನ ದೇವರು ಎಂದು ಜೀಪಿನ ಮೇಲೆ ಬರೆಸಿಕೊಂಡಿದ್ದಾನೆ. ಕೆಳಗೆ ಬೆನ್ನು ಬಗ್ಗಿಸಿ ನಿಂತವನು ನಾನು, ಹೊನ್ನೂರಸ್ವಾಮಿ, ಸಿರುಗುಪ್ಪದ ಅಕ್ಕಿ ಮಿಲ್ಲಿನ ಹಮಾಲ. ನಮಗೆ ಬಂದ ಪರಿಹಾರವನ್ನು ನಾವೇ ಇಳಿಸಬೇಕಿತ್ತು, ಅದೂ ಬಿಟ್ಟಿ.

ಹದಿನೈದು ದಿನದ ಹಿಂದೆ ಮೇಲೆಲ್ಲೋ ಮಳೆ ಹೊಯ್ದು ತುಂಗಭದ್ರೆ ಉಕ್ಕಿ ನಮ್ಮ ಕೇರಿಯ ಮೂವತ್ತು ಗುಡಿಸಲನ್ನೂ ಬಳಿದುಕೊಂಡು ಹೋಗಿತ್ತು. ಮೂರು ವರ್ಷದಲ್ಲಿ ಇದು ಎರಡನೇ ಸಲ. ಆಡಿನ ಮರಿ ಬಿಚ್ಚಲು ಹೋದ ಪಕ್ಕದ ಮನೆಯ ಮಹಮ್ಮದ್ ಗೌಸ್ ಹೊಳೆಪಾಲಾದ. ಅವನ ಹೆಂಡತಿ ಮುನ್ನಿಗೆ ಇನ್ನೂ ಹೆಣ ಸಿಕ್ಕಿಲ್ಲ. ನನ್ನ ಹೆಂಡತಿ ಜಡೆಮ್ಮ ಮಕ್ಕಳನ್ನು ಕುರುಗೋಡಿನ ತವರಲ್ಲಿ ಬಿಟ್ಟು ವಾಪಸು ಬಂದಿದ್ದಳು. ನಾವು ಕೇಳಿದ್ದು ಒಂದೇ. ಶಾಲೆ ಪಕ್ಕದ ಸರ್ಕಾರಿ ದಿಬ್ಬ. ನೀರು ಎಷ್ಟು ಏರಿದರೂ ಅದನ್ನು ಮುಟ್ಟುವುದಿಲ್ಲ. ಆದರೆ ಅಲ್ಲಿ ಊರ ಗೌಡನ ನೆಲ್ಲು ಒಣಗುತ್ತದೆ. ನೆಲ್ಲು ನೆನೆಯಬಾರದು, ನಾವು ಮುಳುಗಬಹುದು.

ಮೂಟೆ ಬಿಚ್ಚಿದರೆ ಉಣ್ಣೆ ಟೊಪ್ಪಿಗೆ, ಉಣ್ಣೆ ಕೈಗವಸು, ಒಳಗೆ ಕೂದಲು ತುಂಬಿದ ಮೊಳಕಾಲುದ್ದದ ಬೂಟು. ಹಿಮ ಬೀಳುವ ಯಾವುದೋ ಶ್ರೀಮಂತ ದೇಶದವರು ತಮ್ಮ ಮನೆಯ ಅಟ್ಟ ಖಾಲಿ ಮಾಡಿ ಪುಣ್ಯ ಕಟ್ಟಿಕೊಂಡಿದ್ದರು. ಬಳ್ಳಾರಿ ಸೀಮೆಯ ಬಿಸಿಲಿನ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ. ಬೂಟಿನ ತಳದಲ್ಲಿ ಅಂಗೈಯಗಲದ ಪೊಟ್ಟಣಗಳು. ಮುದುಕಿ ಉಚ್ಚೆಂಗೆಮ್ಮ ಚಹಾಪುಡಿಯೆಂದು ಒಂದನ್ನು ಹರಿದು ಕುದಿಯುವ ನೀರಿಗೆ ಸುರಿದೇಬಿಟ್ಟಳು. ನೀರು ಕರ‍್ರಗಾಯಿತು.

“ಅಯ್ಯ ಇದರ ಹೆಣ ಎತ್ಲಿ, ಸಕ್ರಿ ಹಾಕಿದ್ರೂ ಕುಡಿಯಾಕ ಬರಂಗಿಲ್ಲಲ್ಲೇ!”

ಅಂಗನವಾಡಿ ಟೀಚರ್ ಅನುಷಾ ಪೊಟ್ಟಣದ ಮೇಲಿನ ಇಂಗ್ಲಿಷು ಓದಿದಳು. “ಅಜ್ಜಿ, ಇದು ಕೈ ಬೆಚ್ಚಗ ಮಾಡಿಕೊಳ್ಳೋದು. ಒಳಗಿರೋದು ಕಬ್ಬಿಣದ ಪುಡಿ.”

ಕಬ್ಬಿಣ! ಬಳ್ಳಾರಿಗೆ! ಸಂಡೂರಿನ ಗುಡ್ಡ ಕೆರೆದು ಹಡಗು ತುಂಬಿಸುತ್ತಿದ್ದ ದಿನಗಳಲ್ಲಿ ಲಾರಿಗೆ ಅದಿರು ಹೊತ್ತವರಲ್ಲಿ ನಾನೂ ಒಬ್ಬ. ಹೋದದ್ದು ಗುಡ್ಡ, ಬಂದದ್ದು ಪೊಟ್ಟಣ. ನನಗೆ ನಗು ಬಂತು. ನಕ್ಕಿದ್ದಕ್ಕೆ ಸಮ್ರಾಟನಿಂದ ಇನ್ನೊಂದು ಬೈಗುಳವೂ ಬಂತು.

ಮರುದಿನ ಗೌಡನ ಅಂಗಳಕ್ಕೆ ಕರೆಸಿದರು. ಕಟ್ಟೆ ಏರಬಾರದು, ಕೆಳಗೇ ನಿಲ್ಲಬೇಕು. ಎಲ್ಲರಿಗೂ ಟೊಪ್ಪಿಗೆ ಹಾಕಿಸಿ ಸಮ್ರಾಟ್ ಪಾಠ ಶುರುಮಾಡಿದ.

“ನಾಳಿ ಆ ದೇಶದ ಮೇಡಂ ಬರ್ತಾರ. ನಾವು ಕೊಟ್ಟಿದ್ದು ಸಾಕಾತೇನು ಅಂತ ಕೇಳ್ತಾರ. ಸಾಕು ಅನ್ರಿ, ಕೈ ಮುಗೀರಿ. ಮುಗೀತು.”

“ಸಾಲದು ಅಂದ್ರ?” ಜಡೆಮ್ಮ ಕೇಳಿದಳು.

“ಅಂದ್ರ ಮನಿ ಕಟ್ಟಿಸ್ತೀವಿ, ಜಾಗ ತೋರಸ್ರಿ ಅಂತಾರ. ಜಾಗ ಎಲ್ಲೈತಿ?”

“ಅಗಾ, ದಿಬ್ಬದ ಮ್ಯಾಲ ಐತಲ್ರಿ.”

ಮಂಚದ ಮೇಲೆ ಕೂತಿದ್ದ ಗೌಡ ಎಲೆಅಡಿಕೆ ಉಗುಳಿದ. ಅದು ಜಡೆಮ್ಮನ ಕಾಲ ಹತ್ತಿರವೇ ಬಿತ್ತು. “ಏ ಜಡಿ, ದಿಬ್ಬದ ಸುದ್ದಿ ಎತ್ತಿದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತೀನಿ. ನಾಟಿಗೆ ನನ್ ಹೊಲಕ್ಕ ಹೆಂಗ ಬರ್ತೀರಿ ಅದನ್ನೂ ನೋಡ್ತೀನಿ. ಹೊಳಿದಂಡಿಯಾಗ ಹುಟ್ಟಿದ ಸೂಳೆಮಕ್ಳಿಗೆ ಗುಡ್ಡದ ಮ್ಯಾಲ ಮಲಗೋ ಚಟ!”

ಎಲ್ಲರೂ ತಲೆ ತಗ್ಗಿಸಿ ಟೊಪ್ಪಿಗೆ ಸರಿಮಾಡಿಕೊಂಡರು. ನಾನೂ ಸರಿಮಾಡಿಕೊಂಡೆ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಮೇಡಮ್ಮು ಬಂದಳು. ಗೌಡತಿ ಅವಳಿಗೆ ರೇಷ್ಮೆ ಸೀರೆ ಉಡಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಸೆರಗಿಗೆ ಹಾಕಿ ಉಡಿ ತುಂಬಿ, ಹೋಳಿಗೆ ಉಣ್ಣಿಸಿ ಕಳಿಸಿದ್ದಳು. ಮಧ್ಯಾಹ್ನದ ಬಿಸಿಲಲ್ಲಿ, ಕೆಸರು ಒಣಗಿ ಬಿರುಕುಬಿಟ್ಟ ಕೇರಿಯಲ್ಲಿ, ನಾವು ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ನಿಂತಿದ್ದೆವು. ಬೆವರು ಕಣ್ಣಿಗಿಳಿಯುತ್ತಿತ್ತು. ಅಳುತ್ತಿದ್ದೇವೆಂದುಕೊಂಡು ಪಾಪ ಆಕೆಯ ಕಣ್ಣೂ ಒದ್ದೆಯಾಯಿತು. ಕೆಟ್ಟವಳಲ್ಲ. ಕಾಗದ ಹಿಡಿದು ಏನೋ ಕೇಳಿದಳು.

“ಅವರ ದೇಶ ಕೊಟ್ಟಿದ್ದು ಸಾಕಾತೇನು ಅಂತಾರ,” ಎಂದ ಸಮ್ರಾಟ್, ನಮ್ಮತ್ತ ಕಣ್ಣು ಗುರಾಯಿಸುತ್ತ.

ಮುನ್ನಿ ಟೊಪ್ಪಿಗೆ ತೆಗೆದಳು. “ಸಾಲಲ್ರಿ. ಇದು ನಮಗ ಬ್ಯಾಡ. ದಿಬ್ಬದ ಮ್ಯಾಲ ಮನಿ ಬೇಕು. ಮುಂದಿನ ಮಳಿಗೆ ಮತ್ತ ಯಾರು ಹೋಗ್ಬೇಕು?”

ಸಮ್ರಾಟ್ ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದ. ಮೇಡಮ್ಮು ನಕ್ಕು ಕಾಗದದ ಮೇಲೆ ಗುರುತು ಹಾಕಿದಳು.

“ಸಾಕಾಗಿ ಮಿಕ್ಕೈತಿ ಅಂತ ಹೇಳಿದ್ನಕ್ಕ,” ಎಂದು ಅನುಷಾ ಪಿಸುಗುಟ್ಟಿದಳು. ಗಟ್ಟಿಯಾಗಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವಳ ಕೆಲಸ ಗೌಡ ಹಾಕಿಸಿಕೊಟ್ಟದ್ದು.

ಮೇಡಮ್ಮು ಜೀಪಿನ ಕಡೆ ತಿರುಗಿದಳು. ಆ ಕಾಗದ ಹೋದರೆ ನಮ್ಮ ಮನೆಗಳೂ ಹೋದಂತೆಯೇ.

“ತಡೀರಿ,” ಜಡೆಮ್ಮ ಅಡ್ಡ ನಿಂತಳು. “ನಮ್ಮ ಕೇರಿಗೆ ಬಂದ ಹೆಣ್ಮಗಳು. ಬರೇ ಉಡೀಲಿ ಹೆಂಗ ಕಳಸಾಕ ಆಗ್ತೈತ್ರಿ?”

ಸಮ್ರಾಟನಿಗೆ ಖುಷಿಯೋ ಖುಷಿ. “ಏ, ಫೋಟೋ ತೆಗಿ, ಫೋಟೋ!” ಎಂದು ಡ್ರೈವರನಿಗೆ ಕೂಗಿದ. ಮೇಡಮ್ಮು ಗೌಡರ ಮನೆಯಲ್ಲಿ ಕಲಿತಂತೆ ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದಳು.

ಜಡೆಮ್ಮ ನಮ್ಮ ಒಲೆಯಿದ್ದ ಜಾಗಕ್ಕೆ ಹೋಗಿ ಬಗ್ಗಿ ಹೊಳೆ ಕರಗಿಸಿ ಬಿಟ್ಟುಹೋದ ಗೋಡೆಮಣ್ಣನ್ನು ಒಂದು ಹಿಡಿ ಕೆರೆದಳು. ಬಂದು, ಹಣೆಗೆ ಮುಟ್ಟಿಸಿಕೊಂಡು, ಅದನ್ನು ರೇಷ್ಮೆ ಸೆರಗಿಗೆ ಹಾಕಿದಳು.

“ನಮ್ಮತ್ರ ಉಳದದ್ದು ಇಷ್ಟರಿ ಅಮ್ಮಾರ. ಉಡಿ ಹಾದ್ಯಾಗ ಚೆಲ್ಲಬಾರ್ದು. ನಿಮ್ಮೂರಿಗೆ ವಯ್ದು ನಿಮ್ಮ ದೇವರ ಮುಂದ ಇಡ್ರಿ.”

ಉಚ್ಚೆಂಗೆಮ್ಮ ಎರಡನೇ ಹಿಡಿ ಹಾಕಿದಳು. ಮೇಡಮ್ಮು ಅರ್ಥ ಕೇಳುವಂತೆ ಸಮ್ರಾಟನ ಮುಖ ನೋಡಿದಳು. ಅವನ ಇಂಗ್ಲಿಷು ಅಲ್ಲಿಗೆ ನಿಂತುಹೋಗಿತ್ತು.

“ಹೌಸ್, ಮೇಡಂ,” ಎಂದಳು ಅನುಷಾ. ಈ ಸಲ ಗಟ್ಟಿಯಾಗಿಯೇ. “ದೇರ್ ಹೌಸ್.”

ಮೇಡಮ್ಮಿನ ನಗೆ ಆರಿತು. ಕಾಗದ ಕಂಕುಳಿಂದ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮುನ್ನಿ ಮುಂದೆ ಬಂದಾಗ ಜೀಪಿನ ಜೊತೆ ಬಂದಿದ್ದ ಗೌಡನ ಆಳು ಅರಚಿದ. “ಏ ಹಲ್ಕಟ್ ಮುಂಡೆ, ಗಂಡ ಸತ್ತಾಕಿ, ಅದೂ ಸಾಬರಾಕಿ, ಉಡಿ ತುಂಬತೀಯೇನ?”

“ನನ ಗಂಡ ಕಟ್ಟಿದ ಗ್ವಾಡಿ ಮಣ್ಣಲೇ ಇದು. ನಾನಲ್ದ ನಿಮ್ಮವ್ವ ತುಂಬತಾಳ?”

ಸಮ್ರಾಟ್ ಅವಳ ಕೈ ತಡೆಯಲು ನುಗ್ಗಿದ. ನಾನು ಅವನ ರಟ್ಟೆ ಹಿಡಿದೆ. ನೂರು ಕೆ.ಜಿ. ಚೀಲ ಹೊರುವ ಕೈ ನನ್ನದು, ಅವನಿಗೆ ಅಲ್ಲಾಡಲಾಗಲಿಲ್ಲ. ಮುನ್ನಿ ಮಣ್ಣು ಹಾಕಿದಳು. ಸೆರಗು ಜಗ್ಗಿತು. ಅವಳ ಹಿಂದೆ ಇನ್ನೂ ಇಪ್ಪತ್ತೇಳು ಹೆಂಗಸರು ಮುಷ್ಟಿಯಲ್ಲಿ ಮಣ್ಣು ಬಿಗಿದುಕೊಂಡು ನಿಂತಿದ್ದರು.