ಕೊಯ್ದು ಹೋದ ಒಂದು ಗೇಣು

ನಾನು ಪರದೇಶದಿಂದ ಬಂದ ರೈಫಲ್ಲು. ಜಂಬಕ್ಕೆ ಹೇಳುತ್ತಿಲ್ಲ. ಆ ಕೆಲಸಕ್ಕೆ ನನ್ನ ಎರಡನೆಯ ಒಡೆಯರೊಬ್ಬರೇ ಸಾಕಾಗಿದ್ದರು.

ನಾನು ಹುಟ್ಟಿದ್ದು ಜರ್ಮನಿಯ ಒಂದು ಸಣ್ಣ ಕಾರ್ಖಾನೆಯಲ್ಲಿ. ನನ್ನನ್ನು ಮಾಡಿದ್ದು ಯುದ್ಧಕ್ಕಲ್ಲ, ಬೇಟೆಗೂ ಅಲ್ಲ. ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಗುರಿಯಿಡುವುದಕ್ಕೆ. ಅದಕ್ಕಾಗಿಯೇ ನನ್ನ ನಳಿಗೆ ಉದ್ದ, ಮೈ ಭಾರ. ನಿದ್ದೆಹೋದ ಕೂಸನ್ನು ತೊಟ್ಟಿಲಿಗೆ ಇಳಿಸುವಾಗ ಉಸಿರು ಹಿಡಿಯುತ್ತಾರಲ್ಲ, ಅಷ್ಟು ಜೋಕೆ ಇದ್ದವರಿಗೆ ಮಾತ್ರ ನಾನು ಒಲಿಯುತ್ತಿದ್ದೆ.

ಹಡಗಿನಲ್ಲಿ ಮುಂಬಯಿಗೆ ಬಂದೆ. ಅಲ್ಲಿಂದ ಘಟಪ್ರಭೆಯ ದಂಡೆಯ ಊರಿಗೆ ತಂದವರು ಅಪ್ಪಾಸಾಹೇಬ ದೇಸಾಯರು. ಸ್ಪರ್ಧೆಗಳಿಗೆ ಹೋಗುತ್ತಿದ್ದ ಗುರಿಗಾರರು. ಹಳೆಯ ಧೋತರದ ತುಂಡಿನಿಂದ ನನ್ನನ್ನು ಒರೆಸುತ್ತ ಮೊಮ್ಮಗಳು ಚಂಪಾಳಿಗೆ ನಿಲ್ಲುವುದನ್ನು, ಕಾಯುವುದನ್ನು ಕಲಿಸಿದರು. ಅವರು ತೀರಿಕೊಂಡ ಮೇಲೆ ಲೈಸೆನ್ಸು ಮಗ ಬಾಳಾಸಾಹೇಬರ ಹೆಸರಿಗೆ ಬಂತು. ಲೈಸೆನ್ಸಿನ ಜೊತೆ ನಾನೂ ಹೋದೆ. ಕಾಯ್ದೆಗೆ ವಾರಸುದಾರ ಸಾಕು, ಯೋಗ್ಯತೆ ಬೇಕಿಲ್ಲ.

ಬಾಳಾಸಾಹೇಬರಿಗೆ ಗುರಿ ಬೇಕಿರಲಿಲ್ಲ, ನೋಡುವವರು ಬೇಕಾಗಿತ್ತು. ಮದುವೆಗೆ ಹೋದರೂ ಜೀಪಿನಲ್ಲಿ ನಾನಿರಬೇಕು. ಆದರೆ ಜೀಪಿಗೆ ನಾನು ಉದ್ದವಾದೆ. ಒಮ್ಮೆ ಇಳಿಯುವ ಗಡಿಬಿಡಿಯಲ್ಲಿ ನನ್ನ ತುದಿ ಬೀಗರ ತಲೆಯ ರುಮಾಲಿಗೆ ಸಿಕ್ಕಿ, ರುಮಾಲು ಹೋಗಿ ಪಾಯಸದ ಬೋಗುಣಿಗೆ ಬಿತ್ತು. ಮಂದಿ ನಕ್ಕರು. ತಪ್ಪು ನನ್ನದೆಂದು ತೀರ್ಮಾನವಾಯಿತು.

ನನ್ನನ್ನು ಬೆಳಗಾವಿಯ ಬಂದೂಕಿನ ಅಂಗಡಿಗೆ ಒಯ್ದರು. ಅಂಗಡಿಯ ಒಡತಿ ಮೆಹಜಬೀನ್‌ಬಾಯಿ ಚುರುಕು ಮಾತಿಗೆ ಹೆಸರಾದವರು.

"ಒಂದು ಗೇಣು ಕೊಯ್ದು ಕೊಡ್ರಿ," ಎಂದರು ಬಾಳಾಸಾಹೇಬರು.

"ಹಿಡಿ ಬದಲ್ ಮಾಡ್ಕೊಡ್ತೀನಿ, ದುರ್ಬೀನು ಕೂಡಸ್ತೀನಿ. ನಳಿಗಿ ಮುಟ್ಟಂಗಿಲ್ಲ ಸಾಹೇಬ್ರ. ಅಪ್ಪಣೆ ಇಲ್ಲದ ನಳಿಗಿ ಗಿಡ್ಡ ಮಾಡಿದ್ರ ಜೇಲು."

"ನನ್ನ ಬಂದೂಕು, ನನ್ನ ರೊಕ್ಕ. ಯಾರಪ್ಪನ ಗಂಟು?"

"ಗಂಟು ನಿಮ್ಮದರಿ, ಕಾಯ್ದೆ ನಿಮ್ಮದಲ್ಲ. ಇದನ್ನ ಮಾಡಿದವರು ಹೊರದೇಶದವರಾದ್ರೂ ಕೆಡಸವರು ಇಲ್ಲೇ ಇದ್ದೀರಲ್ಲ. ಅಷ್ಟು ತೊಂದ್ರಿ ಇದ್ರ ಜೀಪು ಉದ್ದ ಮಾಡಸ್ರಿ."

ಹೀಗೆ ಅನ್ನಿಸಿಕೊಂಡ ಮೇಲೂ ಆ ಮನುಷ್ಯನಿಗೆ ಬುದ್ಧಿ ಬರಲಿಲ್ಲ, ಸಿಟ್ಟು ಬಂತು. ಊರಿನ ದಾರಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ನನ್ನನ್ನು ಇಕ್ಕಳಕ್ಕೆ ಕೊಟ್ಟು, ಗರಗಸದಿಂದ ಒಂದು ಗೇಣು ಕೊಯ್ಯಿಸಿದರು. ಗುರಿ ನೋಡುವ ಸಣ್ಣ ಮೊಳೆ ಇದ್ದದ್ದು ಆ ತುದಿಯಲ್ಲಿಯೇ. ಅದೂ ಹೋಯಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಎಂದೂ ಅದರ ನೇರಕ್ಕೆ ಕಣ್ಣಿಟ್ಟವರಲ್ಲ. ಅವರ ಹೆಂಡತಿ ಸುಶೀಲಾಬಾಯಿ ಜೀಪಿನಲ್ಲಿ ಕುಳಿತು ಎಲ್ಲವನ್ನೂ ಕಂಡರು. ಆ ಮನೆಯಲ್ಲಿ ಅವರು ಏನಾದರೂ ಅಂದದ್ದನ್ನು ನಾನು ಕೇಳಿರಲಿಲ್ಲ.

ಆಗ ಅವರ ಮಗಳು ಚಂಪಾ ರಾಜ್ಯದ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಲೈಸೆನ್ಸಿನ ವಯಸ್ಸು ತುಂಬಿದ್ದರಿಂದ ನನ್ನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದಳು. ತರಬೇತಿಯಿಂದ ಊರಿಗೆ ಬಂದವಳು ನನ್ನನ್ನು ಕಂಡು ಬಾಗಿಲಲ್ಲೇ ಕೂತುಬಿಟ್ಟಳು. ಅಳಲಿಲ್ಲ. ನನ್ನ ತುದಿಯ ಒರಟು ಅಂಚಿನ ಮೇಲೆ ಬೆರಳಾಡಿಸಿದಳು, ಬೆರಳು ಕೊಯ್ದುಕೊಂಡಳು.

ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಡಬೇಕೆಂದು ಹುಕುಮಾಯಿತು. ಬಾಳಾಸಾಹೇಬರು ನನ್ನನ್ನು ಶಾಲಿನಲ್ಲಿ ಸುತ್ತಿ ಒಯ್ದರು. ತನ್ನ ಅರ್ಜಿಯ ವಿಚಾರಣೆಗಾಗಿ ಚಂಪಾಳೂ ಬಂದಳು, ತಾಯಿಯೂ ಬಂದರು. ಹೆಡ್ ಕಾನ್‌ಸ್ಟೆಬಲ್ ಕಸ್ತೂರಿ ಶಾಲು ಬಿಚ್ಚಿ ನನ್ನನ್ನು ಮೇಜಿನ ಮೇಲೆ ಮಲಗಿಸಿದರು.

"ದೇಸಾಯರ, ಹೋದ ಚುನಾವಣ್ಯಾಗ ಇದು ಮೇಜು ದಾಟತಿತ್ತು. ಈಗ ಗಿಡ್ಡ ಆಗೇತಲ್ರಿ?"

"ಹಳೇದ ಆತು. ಬಿಸಲಿಗೆ ಕುಗ್ಗಿರಬೇಕು."

"ಕುಗ್ಗಾಕ ಇದೇನ ಉಣ್ಣಿ ಬನೀನ ಏನ್ರಿ?"

ಬಂದೂಕು ಒಪ್ಪಿಸಲು ಹಿಂದೆ ನಿಂತಿದ್ದವರೆಲ್ಲ ನಕ್ಕರು. ಸಬ್ ಇನ್‌ಸ್ಪೆಕ್ಟರ್ ಎದ್ದು ಬಂದರು. ಅವರ ಮುಖದಲ್ಲಿ ನಗುವಿರಲಿಲ್ಲ. ಯಾರು ಕೊಯ್ಯಿಸಿದ್ದೆಂದು ಕೇಳಿದರು.

ಬಾಳಾಸಾಹೇಬರು ಪಕ್ಕಕ್ಕೆ ತಿರುಗಿ, "ನಮ್ಮ ಹುಡುಗೀ ಕೆಲಸರಿ. ಆಡಾಕ ಒಯ್ತಾಳಲ್ಲ, ತನ್ನ ಎತ್ತರಕ್ಕ ಕೊಯ್ಸ್ಯಾಳ. ತಿಳೀಲಿಲ್ಲ ಪಾಪ," ಎಂದರು.

ಆ ಒಂದು ಮಾತು ಠಾಣೆಯ ಕಾಗದಕ್ಕೆ ಇಳಿದರೆ ಚಂಪಾಳ ಲೈಸೆನ್ಸು ಹೋಯಿತು, ಸ್ಪರ್ಧೆ ಹೋಯಿತು, ಮೈಮೇಲೆ ಕೇಸು. ಅವಳು ಅಪ್ಪನನ್ನು ನೋಡಿದಳು. ಅಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಅವಳು ಬಾಯಿ ತೆರೆದಳು. ಆ ಪೆದ್ದು ಹುಡುಗಿ ಹೂಂ ಅಂದುಬಿಡುತ್ತಿದ್ದಳು, ನನಗೆ ಗೊತ್ತು.

"ಸುಳ್ಳರಿ," ಎಂದರು ಸುಶೀಲಾಬಾಯಿ.

"ಏ, ನೀ ಸುಮ್ಮನಿರ!"

"ಇಷ್ಟ ವರ್ಷ ಸುಮ್ಮನ ಇದ್ದೆನಲ್ರಿ. ಸಾಹೇಬ್ರ, ಕೊಯ್ಸಿದವ್ರು ಇವರೇ. ನಾ ಜೀಪಿನ್ಯಾಗ ಕುಂತು ನೋಡೀನಿ. ಬರಕೋರಿ. ಸಹಿ ಮಾಡ್ತೀನಿ."

ಅವರ ಸಹಿ ಸೊಟ್ಟಗಾಯಿತು. ಆದರೆ ಆಯಿತು.

ಈಗ ನಾನು ಕೋರ್ಟಿನಲ್ಲಿ ಜಪ್ತಿಯ ಸಾಮಾನಿಡುವ ಮಾಲಖಾನೆಯಲ್ಲಿದ್ದೇನೆ. ಕೊರಳಿಗೆ ಚೀಟಿ, ಮೈಗೆ ತುಕ್ಕು. ಪಕ್ಕದಲ್ಲಿ ಕದ್ದ ಮೋಟಾರ್ ಪಂಪು, ಕಳ್ಳಭಟ್ಟಿಯ ಕೊಡ. ಸಹವಾಸ ಕೆಟ್ಟದ್ದಲ್ಲ. ಅವು ಯಾವುವೂ ತಾವು ದೇಸಾಯರೆಂದು ಹೇಳಿಕೊಳ್ಳುವುದಿಲ್ಲ.

ಕ್ಲಬ್ಬಿನವರು ಕೊಟ್ಟ ಬೇರೆ ರೈಫಲ್ಲಿನಿಂದ ಚಂಪಾ ಸ್ಪರ್ಧೆಗೆ ಹೋದಳಂತೆ. ಏನಾಯಿತೋ ನನಗೆ ಯಾರು ಹೇಳಬೇಕು? ಮೊನ್ನೆ ಸಾಕ್ಷಿಯ ದಿನ ನನ್ನನ್ನು ಹೊರಗೆ ತಂದಿದ್ದರು. ಕೇಸು ಮುಗಿದ ಮೇಲೆ ಈ ರೈಫಲ್ಲು ನಿನಗೆ ಬೇಕೇನಮ್ಮ ಎಂದು ವಕೀಲರು ಅವಳನ್ನು ಕೇಳಿದರು.

ಅವಳು ತಾಯಿಯ ಸೆರಗು ಸರಿಮಾಡುತ್ತಿದ್ದಳು. ತಲೆ ಎತ್ತದೆ, "ಬ್ಯಾಡ್ರಿ, ಕರಗಸಿಬಿಡ್ರಿ," ಎಂದಳು.

ನನಗೆ ನೋವಾಗಲಿಲ್ಲ. ಕರಗಿಸಿದರೆ ನಾನು ಒಂದು ಸೌಟಾಗಬಹುದು, ಬಾಗಿಲಿನ ಚಿಲಕವಾಗಬಹುದು. ಯಾವ ಮನೆಯಲ್ಲಾದರೂ ದಿನವೂ ಕೆಲಸಕ್ಕೆ ಬರುತ್ತೇನೆ, ಯಾರೂ ನನ್ನನ್ನು ಹೊತ್ತು ಮೆರೆಯುವುದಿಲ್ಲ.